ಕ್ಲಚ್ಚಿಗೆ ಉಬ್ಬರದೆಣ್ಣೆ

ತಿಮ್ಮರಾಯಪ್ಪನ ಜೀಪು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದು ಶೆಡ್ಡಿನ ಮುಂದೆ ನಿಲ್ಲುವುದಕ್ಕೆ ಮೊದಲೇ ಅದರ ವಾಸನೆ ಬಂದು ನಿಂತಿತ್ತು. ಅಂಜನ್ ಕುಮಾರ ಕೈಯಲ್ಲಿದ್ದ ಸ್ಪ್ಯಾನರ್ ಬಿಡದೆ ಮುಂಗೈಯನ್ನು ಮೂಗಿಗೆ ಒತ್ತಿಕೊಂಡ. ಕೊಡಿಗೇನಹಳ್ಳಿಯಿಂದ ಹಿಂದೂಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಅವನು ಶೆಡ್ಡು ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಗ್ರೀಸು, ಡೀಸೆಲ್ಲು, ಸುಟ್ಟ ರಬ್ಬರು ಇವೆಲ್ಲ ಊಟದ ತಟ್ಟೆಯ ಪಕ್ಕದಲ್ಲಿದ್ದರೂ ಅವನಿಗೆ ಆಗುತ್ತಿತ್ತು. ಆದರೆ ಜೀವ ಇರುವುದರ ಮೈಯಿಂದ ಬರುವ ಕೊಳಕೆಂದರೆ ಹೊಟ್ಟೆಯೇ ಬಾಯಿಗೆ ಬರುತ್ತಿತ್ತು. ಚಿಕ್ಕಂದಿನಿಂದಲೂ ಹಾಗೇ. "ನಾಳೆ ಮಗು ಆದ್ರೆ ನೀನು ಮನೆ ಬುಟ್ಟು ಓಡೋಗ್ತೀಯ" ಎಂದು ಅವನ ಹೆಂಡತಿ ಅನುಷಾ ನಗಾಡುತ್ತಿದ್ದಳು.

ಆ ಜೀಪಾದರೋ ಹುಟ್ಟಿದ್ದು ಮನುಷ್ಯರಿಗಾಗಿ, ಬಾಳುತ್ತಿದ್ದುದು ಕುರಿಗಳಿಗಾಗಿ. ನಾಲ್ಕೂ ಚಕ್ರ ಎಳೆಯುವ ಹಳೇ ಗಾಡಿ. ಟ್ರ್ಯಾಕ್ಟರೂ ಹತ್ತದ ಗುಡ್ಡಗಳ ಮೇಲೆ ತಿಮ್ಮರಾಯಪ್ಪನ ಮಂದೆಗಳು ಬೀಡುಬಿಟ್ಟಿದ್ದಾಗ ಅಲ್ಲಿಗೆ ರಾಗಿಹಿಟ್ಟು, ನೀರು ಒಯ್ಯುವುದು, ಬರುವಾಗ ಕುಂಟುವ ಕುರಿ, ಎಳೇ ಮರಿ ತುಂಬಿಕೊಂಡು ಬರುವುದು ಅದರ ಕೆಲಸ. ಹಿಂದಿನ ಸೀಟುಗಳನ್ನು ಕಿತ್ತು ಎಸೆದು ಯಾವ ಕಾಲವಾಯಿತೋ. ತಳದ ತಗಡಿನ ಮೇಲೆ ಹಿಕ್ಕೆ ಮೆಟ್ಟಿ ಮೆಟ್ಟಿ ಹೊಸದೊಂದು ನೆಲವೇ ಎದ್ದಿತ್ತು. ತಗಡು ತೂತಾದ ಕಡೆ ಅದೇ ಬೆಸುಗೆ.

"ಲೇ ಅಂಜನಿ! ಆಚೆಗ್ ಬಾರ್ಲಾ!" ತಿಮ್ಮರಾಯಪ್ಪ ಸ್ಟಿಯರಿಂಗ್ ಬಿಟ್ಟು ಧುಮುಕಿದವನು ಶೆಡ್ಡಿನ ಕಡೆ ನೋಡಲೇ ಇಲ್ಲ. ಪಕ್ಕದ ಸಣ್ಣಕ್ಕನ ಟೀ ಅಂಗಡಿಯ ಬೆಂಚಿನ ಕಡೆ ಮುಖ ಮಾಡಿಕೊಂಡೇ ಕೂಗಿದ. "ನಿನ್ನ ಡೂಪ್ಲಿಕೇಟ್ ಎಣ್ಣೆ ನನ್ನ ಜೀವ ತೆಗೀತಿತ್ತಲ್ಲೋ! ಕ್ಯಾತಗಾನಚೆರ್ಲು ತಾವ ಏರಲ್ಲಿ ಕ್ಲಚ್ ತುಳುದ್ರೆ ಪೆಡ್ಲು ಒಳೀಕೋಯ್ತು, ವಾಪಸ್ ಬರ್ಲೇ ಇಲ್ಲ. ಗೇರ್ ಬೀಳ್ಲಿಲ್ಲ. ಗಾಡಿ ಹಿಂದಿಂದಕ್ಕೆ ಜಾರ್ಕಂಡು ಹೋಗಿ ಬಂಡೆಗ್ ಆತ್ಕಂತು. ಬಂಡೆ ಇಲ್ದಿದ್ರೆ ಈ ಮುದುಕ ಇವತ್ತು ಫೋಟೋ ಆಗೋಗ್ತಿದ್ದ."

ಆ ಮುದುಕ, ಮಂದೆ ಕಾಯುವ ಮೂಡಲಗಿರಿಯಪ್ಪ, ಜೀಪಿನ ಹಿಂದಿನಿಂದ ಮೆಲ್ಲಗೆ ಇಳಿದು ಕಂಬಳಿ ಕೊಡವಿದ. ಕೊಡವಿದ್ದೆಲ್ಲ ಅಂಜನ್ ಕುಮಾರನ ಕಾಲ ಬಳಿ ಬಿತ್ತು.

ಬೆಂಚಿನ ಮೇಲೆ ಕೂತಿದ್ದವರಲ್ಲಿ ಪಾವಗಡದ ದಾರಿಗೆ ಸರ್ವಿಸ್ ಜೀಪು ಓಡಿಸುವ ನಟರಾಜು ಇದ್ದ. ಅವನ ಗಾಡಿ ಬ್ರೇಕಿನ ಕೆಲಸಕ್ಕೆಂದು ಬೆಳಿಗ್ಗೆಯಿಂದ ಶೆಡ್ಡಿನ ಒಳಗೆ ನಿಂತಿತ್ತು. ಅವನು ಲೋಟ ಕೆಳಗಿಟ್ಟು ಬಂದ. "ನಂದು ಇನ್ನೊಂದಿನ ನೋಡಾನ ಬುಡು ಅಂಜನಿ" ಎಂದು, ಮೊಳೆಗೆ ನೇತುಹಾಕಿದ್ದ ಕೀಲಿಯನ್ನು ತಾನೇ ತೆಗೆದುಕೊಂಡ. ಅಂಜನ್ ಕುಮಾರನ ಮುಖ ನೋಡಲಿಲ್ಲ. ಗಾಡಿ ಹಿಂದಕ್ಕೆ ತೆಗೆದು, ರಸ್ತೆಗೆ ಹತ್ತಿಸಿ ಹೊರಟೇ ಹೋದ.

ಬ್ರೇಕು ಕ್ಲಚ್ಚಿನ ಕೆಲಸವೆಂದರೆ ಹೀಗೆ. ಮಾಡುವವನ ಮೇಲೆ ನಂಬಿಕೆ ಇರುವವರೆಗೆ ಗಾಡಿಗಳು ಬರುತ್ತವೆ. ಗುಡ್ಡದ ದಾರಿಯಲ್ಲಿ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಹೋಗುವವನು, ಡೂಪ್ಲಿಕೇಟ್ ಎಣ್ಣೆ ಹಾಕುತ್ತಾನೆಂಬ ಮಾತು ಕಿವಿಗೆ ಬಿದ್ದ ಮೇಲೆ ಯಾಕೆ ನಿಲ್ಲುತ್ತಾನೆ? ಸಂಜೆಗೆ ಈ ಮಾತು ಮಧುಗಿರಿ ಮುಟ್ಟುತ್ತದೆ, ನಾಳೆ ಪಾವಗಡ. ಆಮೇಲೆ ಶೆಡ್ಡಿನಲ್ಲಿ ಪಂಕ್ಚರ್ ಹಾಕಿಕೊಂಡು ಕೂರಬೇಕು.

ನಡೆದದ್ದು ಬೇರೆಯೇ ಇತ್ತು. ಹಿಂದಿನ ತಿಂಗಳು ಇದೇ ಜೀಪಿನ ಪೆಡಲ್ಲು ಸಡಿಲವಾಗಿದೆಯೆಂದು ಬಂದಾಗ ಅಂಜನ್ ಕುಮಾರ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು, ಕ್ಲಚ್ಚಿಗೂ ಅದೇ ಆಗುವ ಹೊಸ ಬ್ರೇಕ್ ಆಯಿಲ್ ತುಂಬಿ, ಕೆಳಗಿನ ಸಿಲಿಂಡರಿನ ರಬ್ಬರು ಸವೆದಿದೆ, ಒಂದು ದಿನ ಗಾಡಿ ಬಿಟ್ಟು ಹೋಗಿ, ಬದಲಾಯಿಸದಿದ್ದರೆ ಮತ್ತೆ ಗಾಳಿ ಎಳೆಯುತ್ತದೆ ಎಂದು ಹೇಳಿದ್ದ. "ಶಿರಾ ಸಂತೆ ಐತೆ, ಬತ್ತೀನಿ ಬುಡ್ಲಾ" ಎಂದು ಹೋದವನು ಬಂದಿರುವುದು ಈಗ, ಹಗ್ಗ ಕಟ್ಟಿಸಿಕೊಂಡು. ಆದರೆ ಅದನ್ನೆಲ್ಲ ಬೆಂಚಿನವರಿಗೆ ವಿವರಿಸುತ್ತ ಕೂತರೆ ತಪ್ಪು ಮಾಡಿದವನು ಸಬೂಬು ಹೇಳಿದ ಹಾಗೆ ಇರುತ್ತದೆ. ಅವನು ಮೂಗಿಗೆ ಟವಲ್ ಬಿಗಿದು, ಜೀಪಿನ ಹತ್ತಿರ ಹೋದ.

ಮೊದಲು ಪೆಡಲ್ಲನ್ನು ಕೈಯಲ್ಲಿ ಒತ್ತಿ ನೋಡಿದ. ಕೊಳೆತ ಹಣ್ಣಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಇಳಿದು ಅಲ್ಲೇ ಕೂತಿತು. ಬೆರಳು ಹಾಕಿ ಎತ್ತಬೇಕಾಯಿತು. ಎತ್ತಿದ ಬೆರಳಿಗೆ ಅಂಟಿದ್ದು ಹಿಕ್ಕೆಯೋ ಕೆಸರೋ ತಿಳಿಯಲಿಲ್ಲ. ಜೀಪಿನ ಕೆಳಗೆ ಗೋಣಿಚೀಲ ಹಾಸಿ ಅಂಗಾತ ಮಲಗಿ ತೂರಿದ. ತಗಡಿನ ತೂತಿನಿಂದ ಒಂದು ಹನಿ ಟಪ್ಪೆಂದು ಕೆನ್ನೆಯ ಮೇಲೆ ಬಿತ್ತು. ಬೆಚ್ಚಗಿತ್ತು. ಮೇಲೆ ಇನ್ನೂ ಮರಿ ಇದೆ ಎನ್ನುವುದು ಆಗ ಗೊತ್ತಾಯಿತು.

"ಥೂ! ಮರಿ ಇಳ್ಸ್ರೋ ಮೊದ್ಲು!"

"ಮರಿ ಉಚ್ಚೆ ಏನೂ ಆಗಕ್ಕಿಲ್ಲ ಬುಡಪ್ಪ" ಎಂದು ಮೂಡಲಗಿರಿಯಪ್ಪ ಹೊರಗಿನಿಂದಲೇ ಸಮಾಧಾನ ಹೇಳಿ, ಅದನ್ನು ಎತ್ತಿ ಕಂಬಳಿಯೊಳಗೆ ಇಟ್ಟುಕೊಂಡ.

"ನೀನ್ ಒಸಿ ಪೆಡ್ಲು ಒತ್ತಣ್ಣ."

ಮುದುಕ ಸೀಟಿಗೆ ಹತ್ತಿ ಬರಿಗಾಲಲ್ಲಿ ಒತ್ತಿದ. ಗೇರ್‌ಬಾಕ್ಸಿನ ಪಕ್ಕದ ಸಿಲಿಂಡರಿನಿಂದ ಒಂದು ಕಡ್ಡಿ ಮುಂದೆ ಬಂದು ಕ್ಲಚ್ಚನ್ನು ನೂಕಬೇಕು. ಅದು ಉಗುರಿನಷ್ಟು ಅಲ್ಲಾಡಿ ಸುಮ್ಮನಾಯಿತು. ಸಿಲಿಂಡರಿನ ಬಾಯಿಗಿದ್ದ ರಬ್ಬರ್ ಟೋಪಿಯನ್ನು ಬೆರಳಿಂದ ಸುಲಿದಾಗ ಒಳಗಿನಿಂದ ಕಪ್ಪು ಲೋಳೆ ಇಳಿದು ಮಣಿಕಟ್ಟಿಗೆ ಹರಿಯಿತು. ಬ್ರೇಕ್ ಆಯಿಲ್ ಎಂದೂ ಹೀಗೆ ಲೋಳೆಯಾಗುವುದಿಲ್ಲ. ಅವನು ತೆವಳಿ ಹೊರಬಂದು, ಬಾನೆಟ್ ಎತ್ತಿ, ಕ್ಲಚ್ ಆಯಿಲಿನ ಡಬ್ಬಿಯ ಮುಚ್ಚಳ ತಿರುಗಿಸಿದ.

ಮುಖಕ್ಕೆ ಹೊಡೆದದ್ದು ಇಂಗು. ಅದರ ಹಿಂದೆ ಕೆಟ್ಟ ಬೆಳ್ಳುಳ್ಳಿ, ಓಮ, ಬಣ್ಣ ಬಳಿಯುವವರ ಟರ್ಪಂಟೈನು. ಅದಕ್ಕೂ ಅಡಿಯಲ್ಲಿ ಇನ್ನೊಂದು ಏನೋ, ಬೆದೆಗೆ ಬಂದ ಹೋತದ ಗಡ್ಡದ ಹತ್ತಿರ ಬರುವಂಥದ್ದು. ಅಂಜನ್ ಕುಮಾರ ಟವಲ್ಲಿನೊಳಗೇ ಓಕರಿಸಿ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಉಗಿದು ಬಂದ.

"ತಿಮ್ಮರಾಯಣ್ಣ, ಇದಕ್ಕೇನ್ ಹಾಕಿದ್ರಿ?"

ತಿಮ್ಮರಾಯಪ್ಪನಿಗೆ ನಾಚಿಕೆಯಾಗಬಹುದೆಂದು ಅವನು ತಿಳಿದಿದ್ದರೆ ಅದು ಅವನ ತಪ್ಪು. ಆ ಸೀಮೆಯಲ್ಲಿ ತಿಮ್ಮರಾಯಪ್ಪನ ಉಬ್ಬರದೆಣ್ಣೆ ಎಂದರೆ ಗೊತ್ತಿಲ್ಲದ ಕುರಿ ಹಟ್ಟಿ ಇರಲಿಲ್ಲ. ಹಸಿ ಮೇವು ತಿಂದು ಹೊಟ್ಟೆ ತಮಟೆಯಾದ ಕುರಿಗೆ ಬಿದಿರಿನ ಗೊಟ್ಟದಲ್ಲಿ ಒಂದು ಸಲ ಕುಡಿಸಿದರೆ ಗಾಳಿ ಇಳಿದು ಎದ್ದು ನಿಲ್ಲುತ್ತದೆ ಎಂದು ಕೊರಟಗೆರೆ ಕಡೆಯವರೂ ಬಂದು ಒಯ್ಯುತ್ತಿದ್ದರು. ಕಡಲೆಕಾಯಿ ಎಣ್ಣೆಗೆ ಏನೇನು ಬೆರೆಸುತ್ತಾನೆಂದು ಹೆಂಡತಿಗೂ ಹೇಳಿರಲಿಲ್ಲವಂತೆ.

"ಏನ್ ಹಾಕ್ದೆ ಅಂದ್ರೆ? ನನ್ನೆಣ್ಣೆ ಹಾಕ್ದೆ" ಎಂದ ಅವನು, ಎದೆ ಸೆಟೆಸಿಯೇ. "ನೀನೇ ಅಲ್ವೇನ್ಲಾ ಹೇಳಿದ್ದು, ಒಳಗೆ ಗಾಳಿ ಸೇರ್ಕಂಡೈತೆ ಅಂತ? ಗಾಳಿ ಇಳ್ಸೋದು ನನಗ್ ಹೇಳ್ಕೊಡ್ತೀಯಾ ನೀನು? ನಿಮ್ಮಪ್ಪ ಹುಟ್ಟೋಕ್ ಮೊದ್ಲಿಂದ ಇಳುಸ್ತಿದೀನಿ. ತಿರ್ಗಾ ಸಡ್ಲ ಆಗಿದ್ ಪೆಡ್ಲು ಹಾಕಿದ್ ದಿನ ಕಲ್ಲಂಗೆ ನಿಂತ್ಕಂತು. ಹೌದೇನೋ ಮೂಡಲಗಿರಿ?"

"ಔನು, ಕಲ್ಲಂಗಿತ್ತು" ಎಂದ ಮುದುಕ.

"ಆಮೇಲ್ ಕೆಟ್ಟಿದ್ದು ನಿನ್ನೆಣ್ಣೆ. ನನ್ನೆಣ್ಣೆ ಎತ್ತಿ ನಿಲ್ಲುಸ್ತು, ನಿನ್ನೆಣ್ಣೆ ಬೀಳುಸ್ತು."

ಬೆಂಚಿನಲ್ಲಿ ಯಾರೋ ತಲೆದೂಗಿದರು. ಅಂಜನ್ ಕುಮಾರನಿಗೆ ಆ ಲೋಳೆಗಿಂತ ಈ ತಲೆದೂಗು ಹೆಚ್ಚು ಹೇಸಿಗೆಯಾಯಿತು. ಪೆಡಲ್ಲು ಯಾಕೆ ಕಲ್ಲಿನಂತೆ ನಿಂತಿತೆಂದು ಅವನಿಗೆ ಗೊತ್ತಿತ್ತು. ಸವೆದ ರಬ್ಬರು ಆ ಎಣ್ಣೆ ಕುಡಿದು ಊದಿಕೊಂಡು, ಸ್ವಲ್ಪ ದಿನ ಸಿಲಿಂಡರಿಗೆ ಬಿಗಿಯಾಗಿ ಹಿಡಿದಿದೆ. ಊದುವುದು ಅಲ್ಲಿಗೇ ನಿಲ್ಲುವುದಿಲ್ಲ. ಇನ್ನೂ ಊದಿ, ಮೆತ್ತಗಾಗಿ, ಅಂಚು ಹರಿದಿದೆ.

ಅವನು ಹಾಗೇ ಹೇಳಿದ. ತಿಮ್ಮರಾಯಪ್ಪ ನಕ್ಕ. "ಊದ್ಕಂಡ್ರೆ ಬಿಗಿ ಆಗ್ತೈತಲ್ಲ, ಒಳ್ಳೇದೇ ಅಲ್ವೇನ್ಲಾ!"

ಅಂಜನ್ ಕುಮಾರ ಮೇಲಿನ ಸಿಲಿಂಡರನ್ನೂ ಕೆಳಗಿನದನ್ನೂ ಬಿಚ್ಚಿ ತಂದು ಹಲಗೆಯ ಮೇಲಿಟ್ಟು, ಒಳಗಿನ ರಬ್ಬರ್ ಬಟ್ಟಲುಗಳನ್ನು ಕಡ್ಡಿಯಲ್ಲಿ ಎತ್ತಿದ. ಮಳೆಯಲ್ಲಿ ಕೊಳೆತ ಅಣಬೆಯ ಹಾಗೆ ಅಂಚು ಮಡಚಿಕೊಂಡು, ಮುಟ್ಟಿದರೆ ಕೈಗೆ ಮಸಿ ಬರುವಂತಿದ್ದವು.

"ಹಳೇವು" ಎಂದ ತಿಮ್ಮರಾಯಪ್ಪ. "ಹಳೇವು ಅಂಗೇ ಇರ್ತಾವೆ."

ಅಂಜನ್ ಕುಮಾರ ಕಡ್ಡಿ ಕೆಳಗಿಟ್ಟ. ಆಮೇಲೆ ಸಣ್ಣಕ್ಕನ ಕಡೆ ತಿರುಗಿದ. "ಸಣ್ಣಕ್ಕ, ಎಲ್ಡು ಗ್ಲಾಸ್ ಕೊಡು. ಮತ್ತೆ ವಾಪಸ್ ಕೇಳ್ಬಾರ್ದು."

ಸಣ್ಣಕ್ಕ ಅಂಚು ಒಡೆದ ಎರಡು ಗ್ಲಾಸುಗಳನ್ನು ಹುಡುಕಿ ಕೊಟ್ಟಳು. ಅವನು ಕಂಪನಿಯ ಸೀಲಿದ್ದ ಹೊಸ ಪೊಟ್ಟಣವನ್ನು ಎಲ್ಲರೆದುರು ಹರಿದು, ಒಂದೇ ಅಳತೆಯ ಎರಡು ರಬ್ಬರ್ ಬಟ್ಟಲು ತೆಗೆದ. ಎರಡನ್ನೂ ಸಿಲಿಂಡರಿನೊಳಗೆ ಜಾರಿಸಿ, ಸರಾಗವಾಗಿ ಹೋಗುತ್ತವೆಂದು ತೋರಿಸಿದ. ಒಂದು ಗ್ಲಾಸಿಗೆ ತನ್ನ ಡಬ್ಬಿಯಿಂದಲೇ ಬ್ರೇಕ್ ಆಯಿಲ್ ಸುರಿದು ಒಂದು ಬಟ್ಟಲು ಹಾಕಿದ.

"ಇನ್ನೊಂದಕ್ಕೆ ನಿಮ್ಮೆಣ್ಣೆ ಕೊಡಿ ತಿಮ್ಮರಾಯಣ್ಣ. ರಬ್ಬರ್ ಪೈಪೂ ಬಾತೈತೆ, ಹೊಸದನ್ನ ಫೋನ್ ಮಾಡಿ ಹಿಂದೂಪುರದಿಂದ ಬಸ್ಸಲ್ಲಿ ತರುಸ್ಬೇಕು. ಅದು ಬರಾಗಂಟ ಎಲ್ಡೂ ಇಲ್ಲೇ ಇರ್ಲಿ. ಯಾವ್ದು ಡೂಪ್ಲಿಕೇಟು ಅಂತ ಎಲ್ರೂ ನೋಡ್ಲಿ."

"ನೋಡ್ಲಿ ಬುಡು, ನಂಗೇನು!" ತಿಮ್ಮರಾಯಪ್ಪ ಸೀಟಿನ ಕೆಳಗಿಂದ ಬಟ್ಟೆಯ ಬಿರಡೆ ಹಾಕಿದ್ದ ಬಾಟಲಿ ತೆಗೆದು, ತೀರ್ಥ ಕೊಡುವವನ ಹಾಗೆ ಸುರಿದ.

ವಾಸನೆ ಟೀ ಅಂಗಡಿಯೊಳಗೆ ಹೊಕ್ಕಿತು. ಬಿಸಿಲು ಏರಿದಂತೆ ಅದೂ ಏರಿತು. ನೊಣಗಳಿಗೆ ಎಲ್ಲಿಂದ ಸುದ್ದಿ ಹೋಯಿತೋ, ಗ್ಲಾಸಿನ ಅಂಚಿಗೆ ಕರಿಮಣಿ ಸರದ ಹಾಗೆ ಕೂತವು. "ನನ್ನ ಟೀನೂ ಇಂಗು ನಾರ್ತೈತೆ ಅಂತ ಅರ್ಧ ಚೆಲ್ಲಿ ಹೋಗವ್ರೆ ಕಣ್ರೋ, ನಿಮ್ಮ ಪಂದ್ಯಕ್ಕೆ ಬೆಂಕಿ ಬೀಳ!" ಎಂದು ಸಣ್ಣಕ್ಕ ಬೈಯುತ್ತಲೇ ಇದ್ದಳು. ಆದರೂ ಜನ ಕಡಿಮೆಯಾಗಲಿಲ್ಲ. ಬಸ್ಸಿಗೆ ಬಂದವರು, ಸೊಸೈಟಿಗೆ ಬಂದವರು, ದಾರಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರೇ ಬಂದು ಗ್ಲಾಸಿನೊಳಕ್ಕೆ ಮೂಗು ಇಳಿಸಿ, "ಅಬ್ಬಬ್ಬಾ" ಎಂದು ಮುಖ ಕಿವುಚಿ, ಪಕ್ಕದವನನ್ನೂ ಕರೆದು ತೋರಿಸುತ್ತಿದ್ದರು. ಕೆಟ್ಟ ವಾಸನೆಯ ಮೇಲೆ ಮನುಷ್ಯನಿಗೆ ಇರುವ ಆಸೆ ಕಂಡು ಅಂಜನ್ ಕುಮಾರನಿಗೆ ಸುಸ್ತಾಯಿತು.

ಅವನು ತಲೆ ತಗ್ಗಿಸಿಕೊಂಡು ಕೆಲಸ ಮಾಡಿದ. ಉಕ್ಕಿನ ಪೈಪನ್ನು ಬಿಚ್ಚಿ ಊದಿದ. ಅಡುಗೆಮನೆಯ ಮೋರಿ ಕಟ್ಟಿಕೊಂಡು ಬಿಡಿಸಿದಾಗ ಬರುವಂಥದ್ದೊಂದು ಗಡ್ಡೆ ಹೊರಗೆ ಬಂತು. ಅದರಲ್ಲಿ ಬೆಳ್ಳುಳ್ಳಿಯ ಸಿಪ್ಪೆ ಇತ್ತು. ಸ್ಪಿರಿಟ್ ಹಾಕಿ ತೊಳೆದ, ಮತ್ತೆ ತೊಳೆದ. ಬಿಳೀ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಸಿಲಿಂಡರಿನ ಒಳಗೋಡೆ ಉಜ್ಜಿದ. ಬಾತಿದ್ದ ರಬ್ಬರ್ ಪೈಪನ್ನು ಕತ್ತರಿಸಿ ಎಸೆದ. ಮಧ್ಯಾಹ್ನದ ಬುತ್ತಿ ಬಿಚ್ಚಿದವನು ಕೈ ಮೂಸಿಕೊಂಡು ಹಾಗೇ ಮುಚ್ಚಿಟ್ಟ.

ಹೊತ್ತು ವಾಲಿದ ಮೇಲೆ ಹಿಂದೂಪುರದ ಬಸ್ಸು ನಿಧಾನ ಮಾಡಿ, ಕಂಡಕ್ಟರ್ ಬಾಗಿಲಿಂದಲೇ ಪೈಪಿನ ಪೊಟ್ಟಣ ಎಸೆದು ಹೋದ. ಜನರೆಲ್ಲ ಗ್ಲಾಸುಗಳ ಸುತ್ತ ಕೂಡಿದರು.

ಅಂಜನ್ ಕುಮಾರ ತಂತಿಯಲ್ಲಿ ಮೊದಲನೆಯದನ್ನು ಎತ್ತಿ ಸಿಲಿಂಡರಿನೊಳಗೆ ಬಿಟ್ಟ. ಬೆಳಿಗ್ಗೆ ಹೋದ ಹಾಗೇ ಜಾರಿ ಹೋಯಿತು. ಎರಡನೆಯದನ್ನು ಎತ್ತಿದ. ನೀರಲ್ಲಿ ನೆನೆದ ಅವರೆಕಾಳಿನ ಹಾಗೆ ಅದು ದಪ್ಪವಾಗಿತ್ತು. ಎಣ್ಣೆಯೂ ಕಪ್ಪಗೆ ತಿರುಗಿತ್ತು. ಸಿಲಿಂಡರಿನ ಬಾಯಿಗಿಟ್ಟು ಒತ್ತಿದ. ಹೋಗಲಿಲ್ಲ. ಹೆಬ್ಬೆರಳಲ್ಲಿ ತುರುಕಿದ. ಅಂಚು ಕಿತ್ತು ಬಂತು.

ಹೋ ಎಂದು ನಗೆ ಎದ್ದಿತು.

"ರಬ್ಬರ್ರೇ ಕಳಪೆ" ಎಂದ ತಿಮ್ಮರಾಯಪ್ಪ. ಆದರೆ ದನಿ ಮೊದಲಿನಂತಿರಲಿಲ್ಲ.

"ಎಲ್ಡೂ ಒಂದೇ ಪೊಟ್ಣದ್ದು ಕಣಣ್ಣ, ನಾನೇ ನೋಡಿದೀನಿ" ಎಂದಳು ಸಣ್ಣಕ್ಕ.

ಆಗ ಕೊರಟಗೆರೆ ಕಡೆಯಿಂದ ಉಬ್ಬರದೆಣ್ಣೆ ಒಯ್ಯಲೆಂದೇ ಬಂದು ಕಾಯುತ್ತಿದ್ದ ತಿಮ್ಮರಾಜು ಎಂಬ ಕುರಿಯವನು ಬಾಯಿಬಿಟ್ಟ. "ಅಲ್ಲ ಮಾವ, ರಬ್ಬರ್ನೇ ಇಂಗೆ ಮಾಡೋದಾದ್ರೆ ಕುರಿ ಕರುಳ್ ಗತಿ ಏನು? ಹೋದ್ ವರ್ಸ ನನ್ ಮರಿ ಸತ್ತೋದ್ವಲ್ಲ, ನಿನ್ನೆಣ್ಣೆ ಕುಡಿಸಿದ್ ಮ್ಯಾಲೆ..."

ನಗೆ ನಿಂತಿತು. ಒಬ್ಬ, "ಹೂಂ, ನಮ್ಮವೂ ಒಂದು..." ಎಂದು ಅರ್ಧಕ್ಕೆ ಬಿಟ್ಟ.

ತಿಮ್ಮರಾಯಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಅಂಜನ್ ಕುಮಾರ ಹತ್ತಿರದಿಂದ ನೋಡಿದ. ಬೆಳಿಗ್ಗೆ ಕೀಲಿ ಮೊಳೆಯಿಂದ ಇಳಿದಾಗ ತನ್ನ ಮುಖವೂ ಹೀಗೇ ಆಗಿರಬೇಕು ಎನಿಸಿತು. ಪಾಪ ಎನಿಸಲಿಲ್ಲ. ಒಳಗೊಂದು ಸಣ್ಣ ಖುಷಿಯೇ ಆಯಿತು. ಆ ಖುಷಿಯೂ ಕೈಗೆ ಅಂಟಿದ ಲೋಳೆಯ ಹಾಗೇ ಇತ್ತು.

"ಏನಂದ್ಯೋ?" ತಿಮ್ಮರಾಯಪ್ಪ ತಿಮ್ಮರಾಜುವಿನ ಮೇಲೆ ಏರಿಹೋದ. "ನನ್ನ ಔಸ್ದಿಗೆ ಕುರಿ ಸಾಯ್ತಾವಾ? ನನ್ನ ಔಸ್ದಿಗೆ?"

ಯಾರಿಗೂ ತಡೆಯಲು ಹೊತ್ತು ಸಿಗಲಿಲ್ಲ. ಅವನು ಹಲಗೆಯ ಮೇಲಿದ್ದ ಗ್ಲಾಸನ್ನೇ ಎತ್ತಿದ. ಆ ಕಪ್ಪು ಎಣ್ಣೆ, ಅದರಲ್ಲಿ ಬಿದ್ದ ನೊಣ, ಅಂಚಿನಲ್ಲಿ ಅಂಜನ್ ಕುಮಾರನ ಮಸಿ ಬೆರಳಿನ ಗುರುತು, ಎಲ್ಲ ಸೇರಿ ಗಟಗಟ ಎಂದು ಕುಡಿದುಬಿಟ್ಟ.

"ಅಯ್ಯೋ ನಿನ್ ಬಾಯಿಗ್ ಮಣ್ಣಾಕ!" ಎಂದು ಸಣ್ಣಕ್ಕ ಚೀರಿದಳು.

ತಿಮ್ಮರಾಯಪ್ಪ ಗ್ಲಾಸು ಕೆಳಗಿಟ್ಟ. ಮೀಸೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕಣ್ಣಲ್ಲಿ ನೀರು. "ನೋಡ್ರಲೇ, ಏನಾಯ್ತು ನಂಗೆ? ಸತ್ನಾ? ಔಸ್ದಿ ಕುರಿಗ್ ಮಾಡಿರೋದು. ಕುರಿಗೆ ಚಿನ್ನ ಅದು. ಕ್ಲಚ್ಚಿಗೆ ಹಾಕಿದ್ದು ನನ್ ತಪ್ಪು. ಅಂಜನಿ ಹಾಕಿದ್ದು ಸರಿಯಾಗೇ ಇತ್ತು, ಅದನ್ನ ಕೆಡಿಸ್ದೋನು ನಾನು. ಜೀಪಿಂದು ಜೀಪಿಗೆ, ಕುರೀದು ಕುರಿಗೆ. ನನ್ನ ಔಸ್ದಿಗೆ ಯಾವನಾದ್ರೂ..."

ಅಷ್ಟರಲ್ಲಿ ಹೊಟ್ಟೆ ಮಾತಾಡಿತು. ಅವನು ಬಗ್ಗಿ, ಶೆಡ್ಡಿನ ಬಾಗಿಲಲ್ಲೇ, ಬೆಳಗಿನ ಮುದ್ದೆಯಿಂದ ಹಿಡಿದು ಎಲ್ಲವನ್ನೂ ಕಕ್ಕಿದ. ಅಂಜನ್ ಕುಮಾರನೂ ಗೋಡೆಯ ಕಡೆ ತಿರುಗಿ ಓಕರಿಸಿದ. ಖಾಲಿ ಹೊಟ್ಟೆಯಾದ್ದರಿಂದ ಏನೂ ಬರಲಿಲ್ಲ.

ಮೂಡಲಗಿರಿಯಪ್ಪ ಯಜಮಾನನ ಬೆನ್ನು ಸವರಿದ. ಸಣ್ಣಕ್ಕ ಚೆಂಬಿನಲ್ಲಿ ಮಜ್ಜಿಗೆ ತಂದುಕೊಟ್ಟಳು. ಬೆಂಚಿನ ಮೇಲೆ ಕೂರಿಸಿದರು. ಅವನು ದೊಡ್ಡದಾಗಿ ತೇಗಿದ.

"ನೋಡು, ಗಾಳಿ ಇಳೀತು" ಎಂದ ಒಬ್ಬ, ಮೆಚ್ಚುಗೆಯಿಂದ.

ಅಂಜನ್ ಕುಮಾರ ಹೊಸ ರಬ್ಬರು, ಹೊಸ ಪೈಪು ಹಾಕಿ, ಎಲ್ಲ ಬಿಗಿದು, ಡಬ್ಬಿ ತುಂಬ ಬ್ರೇಕ್ ಆಯಿಲ್ ಸುರಿದ. ಮತ್ತೆ ಜೀಪಿನ ಕೆಳಗೆ ತೂರಿದ. ಗಾಳಿ ತೆಗೆಯುವುದು ಇಬ್ಬರ ಕೆಲಸ. ಮೇಲಿನವನು ಪೆಡಲ್ಲು ಒತ್ತಿ ಹಿಡಿಯಬೇಕು, ಕೆಳಗಿನವನು ಸಿಲಿಂಡರಿನ ಸಣ್ಣ ಮೂತಿ ಸಡಿಲಿಸಿ ಗಾಳಿ ಬಿಟ್ಟು ಮುಚ್ಚಬೇಕು. ಮುಚ್ಚುವ ಮೊದಲು ಮೇಲಿನವನು ಕಾಲು ತೆಗೆದರೆ ಮತ್ತೆ ಗಾಳಿ ಒಳಗೆ. ಮುದುಕ ಮರಿಯನ್ನು ಕಂಕುಳಲ್ಲಿಟ್ಟುಕೊಂಡೇ ಸೀಟಿಗೆ ಹತ್ತಿದ.

"ಒತ್ತು. ಹಿಡ್ಕ."

"ಹಿಡ್ದೆ."

ಬುಳುಬುಳು ಎಂದು ನೊರೆ ಬಂತು. ಮುಚ್ಚಿದ.

"ಬುಡು. ಒತ್ತು."

ಕೆಳಗಿನಿಂದ ಅವನಿಗೆ ಬೆಂಚಿನವರ ಕಾಲುಗಳು ಕಾಣುತ್ತಿದ್ದವು, ಮಾತು ಕೇಳುತ್ತಿತ್ತು. ತಿಮ್ಮರಾಜು ಎರಡು ಬಾಟಲಿ ಎಣ್ಣೆ ಕೇಳುತ್ತಿದ್ದ. ಮರಿ ಸತ್ತದ್ದು ಬೇರೆ ಕಾಯಿಲೆಗಿರಬೇಕು ಎಂದೂ ಸೇರಿಸಿದ. ಇನ್ನೊಬ್ಬ ತನಗೂ ಒಂದಿರಲಿ ಎಂದ. ಮನುಷ್ಯನೇ ಕುಡಿದು ಕೂತಿದ್ದಾನೆಂದ ಮೇಲೆ ಕುರಿಗೇನು ಎಂದು ಮತ್ತೊಬ್ಬ. ಕ್ಲಚ್ಚಿನ ಮಾತು, ಡೂಪ್ಲಿಕೇಟಿನ ಮಾತು ಎಲ್ಲೂ ಇರಲಿಲ್ಲ. ಇಡೀ ದಿನ ಲೋಳೆಯಲ್ಲಿ ಕೈಯಿಟ್ಟು ಅವನು ಕಾದ ಆ ತಪ್ಪೊಪ್ಪಿಗೆಯ ಮಾತು ಒಂದೇ ಉಸಿರಿನಲ್ಲಿ, ಕುರಿ ಔಷಧಿ ಉಳಿಸಿಕೊಳ್ಳುವುದಕ್ಕೆಂದು ಹೊರಬಿದ್ದು, ಅದರ ಮೇಲೆ ಬೇರೆಯದು ಬಿದ್ದು ಮುಚ್ಚಿಹೋಗಿತ್ತು.

ನೊರೆ ಕಡಿಮೆಯಾಗಿ, ಎಣ್ಣೆ ಸಣ್ಣ ಧಾರೆಯಾಗಿ ತಿಳಿಯಾಗಿ ಬಂತು. ಮೂತಿ ಬಿಗಿದ. "ಈಗ ಹೆಂಗೈತಣ್ಣ?"

"ಭೇಷಾಗೈತಪ್ಪಾ" ಎಂದ ಮುದುಕ. "ಕಾಲಿಗೆ ಎದುರು ನಿಲ್ತೈತೆ, ಬುಟ್ರೆ ಮ್ಯಾಕ್ ಬತ್ತೈತೆ."

ತಿಮ್ಮರಾಯಪ್ಪ ಬಂದು ತಾನೂ ಒತ್ತಿ ನೋಡಿದ. ಇಂಜಿನ್ ಹಚ್ಚಿ ಗೇರ್ ಹಾಕಿದ. ಸದ್ದಿಲ್ಲದೆ ಬಿತ್ತು. ಮುಖದಲ್ಲಿ ಏನೋ ಹೇಳಬೇಕೆಂಬ ಹಾಗೆ ಒಂದು ಅಲುಗಾಟ ಬಂದು ಹೋಯಿತು. ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಅಂಜನ್ ಕುಮಾರನ ಕಡೆ ಚಾಚಿದ. "ಇಟ್ಕ. ಮನೇಲಿ ಯಾರ್ಗಾನ ಹೊಟ್ಟೆ ಉಬ್ಬರ್ಸಿದ್ರೆ ಬರ್ತೈತೆ."

"ಅದ್ ಬೇಡ ಯಜಮಾನ್ರೇ. ಆಗ ಹೇಳಿದ್ರಲ್ಲ, ಆ ಮಾತನ್ನ ಇನ್ನೊಂದ್ಸಲ ಎಲ್ರಿಗೂ ಕೇಳಂಗೆ ಹೇಳಿ."

"ಯಾವ್ ಮಾತ್ಲಾ?" ಎಂದ ತಿಮ್ಮರಾಯಪ್ಪ. ಬಾಟಲಿಯನ್ನು ಸೀಟಿನ ಕೆಳಗೆ ತಳ್ಳಿ, ಕ್ಲಚ್ ಬಿಟ್ಟ. ಜೀಪು ಒಂದಿಷ್ಟೂ ಜಗ್ಗದೆ, ಹಿಕ್ಕೆಯ ಧೂಳು ಉದುರಿಸಿಕೊಂಡು, ಮೆತ್ತಗೆ ರಸ್ತೆಗೆ ಹತ್ತಿತು.

ಅಂಜನ್ ಕುಮಾರ ಮೂಗಿನ ಟವಲ್ ಬಿಚ್ಚಿ ಅಲ್ಲೇ ನಿಂತಿದ್ದ. ಸಣ್ಣಕ್ಕ ಒಲೆಯ ಬೂದಿಯನ್ನು ಪುಟ್ಟಿಯಲ್ಲಿ ತುಂಬಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು.

"ಹೇಳ್ದನಲ್ಲ ಬುಡು, ಎಲ್ರೂ ಕೇಳುಸ್ಕಂಡವ್ರೆ. ನಾಳೆ ಬರೋರ್ಗೆಲ್ಲ ನಾನೇ ಹೇಳ್ತೀನಿ."

"ವಾಂತಿ ಜೊತೆ ಬಂದ ಮಾತು ಕಣಕ್ಕ ಅದು."

"ಹೆಂಗ್ ಬಂದ್ರೇನ್ಲಾ, ಬಾಯಿಂದ್ಲೇ ತಾನೇ ಬಂದಿದ್ದು" ಎಂದಳು ಸಣ್ಣಕ್ಕ, ಸೆರಗನ್ನು ಮೂಗಿಗೆ ಹಿಡಿದು ಬೂದಿ ಸುರಿಯುತ್ತ. "ನಿಂತ್ಕಂಡು ನೋಡ್ತೀಯಲ್ಲ, ಪೊರಕೆ ತಗಂಬಾ."

ಅಂಜನ್ ಕುಮಾರ ಉಸಿರು ಬಿಗಿಹಿಡಿದು ಪೊರಕೆ ತರಲು ಹೋದ.